ಇರುವೆ ಕಚ್ಚಿದ ಹಾಗೆ

೨೦೦೭ರ ಮಾರ್ಚ್ ತಿಂಗಳಲ್ಲಿ ಶಿವಮೊಗ್ಗದ ವಿನೋಬನಗರದ ಒಂದು ಚರ್ಮದ ಕ್ಲಿನಿಕ್ಕಿನಲ್ಲಿ, ಎಡಗೆನ್ನೆಗೆ ಸೂಜಿ ಚುಚ್ಚಿಸಿಕೊಳ್ಳುತ್ತಿದ್ದ ನನ್ನ ಅಕ್ಕ ಸರ್ವಮಂಗಳ ತನಗೆ ಆಗುತ್ತಿರುವ ನೋವು ಸೊನ್ನೆ ಎಂದು ಹೇಳಿದಳು. ಕೇಳಿದವಳು ನರ್ಸ್. ಹತ್ತರಲ್ಲಿ ಎಷ್ಟು ಎಂಬುದು ಪ್ರಶ್ನೆ. ಆ ಹೊತ್ತಿಗೆ ಸೂಜಿ ಚರ್ಮದ ಒಳಗಿತ್ತು. ಅಕ್ಕನ ಎರಡೂ ಕಾಲಿನ ಬೆರಳುಗಳು ಒಳಕ್ಕೆ ಮಡಚಿಕೊಂಡಿದ್ದವು. ನಾನು ಕಾಲಿನ ಕಡೆ ನಿಂತಿದ್ದರಿಂದ ಇದು ನಾನೇ ಕಂಡದ್ದು, ಬಲ್ಲ ಮೂಲಗಳು ತಿಳಿಸಿದ್ದಲ್ಲ.

ನರ್ಸ್ ಕೈಯಲ್ಲಿ ಅಂಗೈ ಅಗಲದ ಒಂದು ಪ್ಲಾಸ್ಟಿಕ್ ಕಾರ್ಡ್ ಇತ್ತು. ಅದರ ಮೇಲೆ ಸಾಲಾಗಿ ಗುಂಡು ಮುಖಗಳು. ಎಡತುದಿಯ ಮುಖ ನಗುತ್ತಿತ್ತು, ಅದರ ಕೆಳಗೆ ಸೊನ್ನೆ. ಬಲಕ್ಕೆ ಹೋದ ಹಾಗೆ ನಗು ಕರಗಿ, ಬಾಯಿ ಮೊದಲು ನೆಟ್ಟಗಾಗಿ ಆಮೇಲೆ ಡೊಂಕಾಗಿ, ಕೊನೆಯ ಮುಖದ ಕಣ್ಣಿಂದ ನೀರು ಸುರಿಯುತ್ತಿತ್ತು. ಅದರ ಕೆಳಗೆ ಹತ್ತು. ಮಕ್ಕಳ ಅಂಕಲಿಪಿಯ ಹಾಳೆಯ ಹಾಗಿದ್ದ ಆ ಕಾರ್ಡನ್ನು ನಾನು ಬಹಳ ಹೊತ್ತು ನೋಡಿದೆ. ನೋವಿಗೆ ಇಷ್ಟೊಂದು ಮೆಟ್ಟಿಲುಗಳಿವೆ ಎಂದು ನನಗೆ ಗೊತ್ತಿರಲಿಲ್ಲ.

ಗೊತ್ತಿರಬೇಕಿತ್ತು. ಪತ್ರಿಕೆಯ ಡೆಸ್ಕಿನಲ್ಲಿ ಕೂತು ಬೇರೆಯವರ ನೋವಿಗೆ ಪದ ಹೊಂದಿಸುವುದೇ ನನ್ನ ಕೆಲಸ. ಆದರೆ ನಮ್ಮಲ್ಲಿ ಇದ್ದದ್ದು ಎರಡೇ ಅಳತೆ: ‘ತೀವ್ರ ಗಾಯ’ ಮತ್ತು ‘ಸಣ್ಣಪುಟ್ಟ ಗಾಯ’. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಬೆಳಿಗ್ಗೆ, ಕೈಯನ್ನು ಕುತ್ತಿಗೆಗೆ ಕಟ್ಟಿಕೊಂಡ ಒಬ್ಬರು ಹಿಂದಿನ ದಿನದ ಪತ್ರಿಕೆ ಹಿಡಿದು ಕಚೇರಿಯ ಒಳಗೇ ಬಂದರು. ಲಾರಿಗೆ ಬಸ್ಸು ಡಿಕ್ಕಿ ಹೊಡೆದ ಸುದ್ದಿ ಅದರಲ್ಲಿತ್ತು.

“ಯಾರ್ರೀ ಇದು ಬರ್ದಿದ್ದು? ಇದ್ರಲ್ಲಿ ಸಣ್ಣದು ಯಾವ್ದು, ಪುಟ್ಟದು ಯಾವ್ದು ತೋರ್ಸಿ ನೋಡಣ,” ಎಂದು ಬಾಯಿ ತೆರೆದರು. ಮುಂದಿನ ಸಾಲಿನಲ್ಲಿ ಹಲ್ಲುಗಳಿರಲಿಲ್ಲ.

“ಆಸ್ಪತ್ರೆಯೋರು ಹೇಳಿದ್ದನ್ನೇ ಹಾಕಿದ್ದೀವಿ ಸಾರ್,” ಎಂದರು ನಮ್ಮ ಸುದ್ದಿ ಸಂಪಾದಕರು.

“ಹಲ್ಲು ಹೋಗಿದ್ದು ಆಸ್ಪತ್ರೆಯೋರ್ದಾ?”

ಅವರು ಹೋದ ಮೇಲೆ ಸಂಪಾದಕರು ನನ್ನ ಕಡೆ ತಿರುಗಿ, “ಮಾರಾಯ್ತಿ, ಇನ್ಮೇಲೆ ಬರೀ ಗಾಯ ಅಂತ ಬರಿ. ಅಳತೆ ಅವರವರಿಗೇ ಬಿಟ್ಬಿಡು,” ಎಂದರು. ಆ ನಿಯಮ ಕೆಲವು ದಿನ ನಡೆಯಿತು. ಆಮೇಲೆ ಒಂದು ದಿನ ಸಾಲು ತುಂಬಲು ಒಂದು ಪದ ಕಡಿಮೆ ಬಿತ್ತು. ‘ಸಣ್ಣಪುಟ್ಟ’ ಮರಳಿ ಬಂತು.

ನಾನು ಬೆಳೆದ ಮನೆಯಲ್ಲಿ ಎರಡು ಅಳತೆಗಳೂ ಇರಲಿಲ್ಲ. ಒಂದೇ ಇತ್ತು. ಇರುವೆ.

ಭದ್ರಾವತಿಯಲ್ಲಿ ಅಪ್ಪಾಜಿ ಕೆಲಸ ಮಾಡುತ್ತಿದ್ದ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ನಮ್ಮ ಮನೆ. ಶಾಲೆಯಲ್ಲಿ ಲಸಿಕೆ ಹಾಕುವವರು ಬರಲಿ, ಕಾಲಿಗೆ ಮುಳ್ಳು ಚುಚ್ಚಿ ಅಮ್ಮ ಸೂಜಿ ಕಾಯಿಸಲಿ, ಮಾತು ಒಂದೇ: “ಏನಿಲ್ಲ ಕಣೇ, ಇರುವೆ ಕಚ್ಚಿದ ಹಾಗಾಗುತ್ತೆ.” ಯಾವ ಇರುವೆ ಎಂದು ಯಾರೂ ಹೇಳುತ್ತಿರಲಿಲ್ಲ. ಸಕ್ಕರೆ ಡಬ್ಬಿಯ ಇರುವೆ ಕಚ್ಚುವುದೇ ಇಲ್ಲ. ಕೆಂಜಿಗ ಕಚ್ಚಿದರೆ ಸಂಜೆಯವರೆಗೆ ಉರಿಯುತ್ತದೆ. ಕಟ್ಟಿರುವೆ ಕಚ್ಚಿ ಹಿಡಿದರೆ ಅದರ ತಲೆ ಕಿತ್ತು ಬಂದರೂ ಹಲ್ಲು ಬಿಡುವುದಿಲ್ಲ. ವರದಿಗಾರ ಹೀಗೆ ಬರೆದು ತಂದರೆ ನಾನು ‘ಯಾವ ಇರುವೆ?’ ಎಂದು ಅಂಚಿನಲ್ಲಿ ಗೀಚಿ ಹಿಂದಕ್ಕೆ ಕಳಿಸುತ್ತೇನೆ. ಅಮ್ಮನ ಮಾತನ್ನು ಹಿಂದಕ್ಕೆ ಕಳಿಸುವ ಹಾಗಿರಲಿಲ್ಲ.

ನಮ್ಮಿಬ್ಬರ ಕಿವಿ ಚುಚ್ಚಲು ಅಕ್ಕಸಾಲಿಗರು ಜಗಲಿಗೆ ಬಂದ ದಿನ ಅಕ್ಕ ಅಮ್ಮನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಳು. ಇರುವೆಯ ಮಾತನ್ನು ಅವಳಿಗೆ ಹೇಳಿಯಾಗಿತ್ತು. ತಂತಿ ಒಳಹೊಕ್ಕು ರಕ್ತ ಫ್ರಾಕಿನ ಕಾಲರಿಗೆ ಇಳಿದರೂ ಕಣ್ಣು ಮುಚ್ಚಿಕೊಂಡೇ ಇದ್ದ ಅವಳು ಕೊನೆಗೆ, “ಇರುವೆ ಹೋಯ್ತಾ ಅಮ್ಮ?” ಎಂದು ಕೇಳಿದಳಂತೆ. ಈ ಕಥೆ ನಮ್ಮ ಮನೆಯ ಆಸ್ತಿಯಾಯಿತು. ಬಂದ ನೆಂಟರಿಗೆಲ್ಲ ಕಾಫಿಯ ಜೊತೆ ಇದನ್ನೂ ಕೊಡುತ್ತಿದ್ದರು. ನನ್ನ ಕಥೆ ಹೇಳುತ್ತಿರಲಿಲ್ಲ. ನಾನು ಮಂಚದ ಕೆಳಗೆ ನುಗ್ಗಿದ್ದೆ. ಕಾಲು ಹಿಡಿದು ಎಳೆದಾಗ ಅಕ್ಕಸಾಲಿಗರ ಕೈಯನ್ನು ಕಚ್ಚಿದ್ದೆ. ಅವರಿಗೆ ಇರುವೆ ಕಚ್ಚಿದ ಹಾಗೆ ಆಗಿರಲಿಲ್ಲ ಎಂದು ಮಾತ್ರ ಖಚಿತವಾಗಿ ಹೇಳಬಲ್ಲೆ.

ಅಪ್ಪಾಜಿಯದು ಕುಲುಮೆಯ ಹತ್ತಿರದ ಕೆಲಸ. ಅವರ ಮುಂಗೈ ತುಂಬ ಕಿಡಿ ಸಿಡಿದ ಕಪ್ಪು ಚುಕ್ಕೆಗಳಿದ್ದವು. ಅವುಗಳ ಬಗ್ಗೆ ಅವರು ಮಾತಾಡಿದ್ದನ್ನು ನಾನು ಕೇಳಿಲ್ಲ. “ನೋವು ಬಾಯಿಗೆ ಬಂದ್ರೆ ಬೀದಿಗೆ ಬಂದ ಹಾಗೆ,” ಎಂಬುದು ಅವರ ಸಿದ್ಧಾಂತ. ಈ ಸಿದ್ಧಾಂತಕ್ಕೆ ವಿರುದ್ಧವಾದ ಪಕ್ಷ ಪಕ್ಕದ ಮನೆಯಲ್ಲೇ ಇತ್ತು. ಗೋಡೆ ಒಂದೇ, ಆಚೆ ತಮಿಳುನಾಡಿನ ಕಡೆಯ ಸೆಲ್ವಿಯಮ್ಮ, ನಮ್ಮನ್ನೆಲ್ಲ ಮುದ್ದಿಗೆ ‘ಕಣ್ಣು’ ಎಂದೇ ಕರೆಯುವವರು. ಅವರ ಗಂಡನೂ ಅದೇ ಕಾರ್ಖಾನೆ. ಸೆಲ್ವಿಯಮ್ಮನ ಬೆರಳಿಗೆ ಈಳಿಗೆಮಣೆ ತಾಗಿದರೆ ನಮ್ಮ ಸಾಲಿನ ಮನೆಗಳಿಗೆಲ್ಲ ತಿಳಿಯುತ್ತಿತ್ತು. ಹಲ್ಲು ನೋವು ಬಂದರೆ ಹಿಂದಿನ ಸಾಲಿಗೂ. “ಅಯ್ಯಯ್ಯೋ ಮುರುಗಾ, ಸತ್ತೇ ಹೋದೆ!” ಎಂಬ ಕೂಗಿಗೆ ಒಬ್ಬರು ಲವಂಗ ತರುತ್ತಿದ್ದರು, ಇನ್ನೊಬ್ಬರು ಅವರ ಮಗುವನ್ನು ಎತ್ತಿಕೊಂಡು ಹೋಗುತ್ತಿದ್ದರು, ಮತ್ತೊಬ್ಬರು ಸಾರು ಕಳಿಸುತ್ತಿದ್ದರು. ಒಂದು ವರ್ಷ ಅಮ್ಮನಿಗೆ ಉಗುರುಸುತ್ತು ಆಗಿ ಬೆರಳು ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು. ಅದರಲ್ಲೇ ರೊಟ್ಟಿ ತಟ್ಟಿದಳು. ಯಾರಿಗೂ ತಿಳಿಯಲಿಲ್ಲ, ಯಾರೂ ಏನೂ ತರಲಿಲ್ಲ. “ನೋಡು ಆ ಮನೆ, ನೋಡು ನಮ್ಮನೆ,” ಎಂದು ಅಪ್ಪಾಜಿ ಹೆಮ್ಮೆ ಪಡುತ್ತಿದ್ದರು.

ಅಕ್ಕ ಡಿಗ್ರಿಯ ಕೊನೆಯ ವರ್ಷದಲ್ಲಿದ್ದಾಗ ಅವಳಿಗೆ ‘ಅಮ್ಮ’ ಬಂತು. ಡಾಕ್ಟರ ಭಾಷೆಯಲ್ಲಿ ಚಿಕನ್ ಪಾಕ್ಸ್. ಬೇವಿನ ಸೊಪ್ಪಿನ ಮೇಲೆ ಮಲಗಿ ಎದ್ದಳು. ಗುಳ್ಳೆಗಳೆಲ್ಲ ಒಣಗಿ ಉದುರಿದವು, ಎಡಗೆನ್ನೆಯ ಒಂದನ್ನು ಬಿಟ್ಟು. ಅದು ಉಬ್ಬುತ್ತಾ ಹೋಗಿ ಹುಣಸೆ ಬೀಜದಷ್ಟಾಗಿ ಗಟ್ಟಿಯಾಗಿ ನಿಂತಿತು. “ದೇವಿ ಗುರುತು, ಮುಟ್ಟಬಾರದು,” ಎಂದು ಅಮ್ಮ ಅದಕ್ಕೆ ಅರಿಶಿನ ಹಚ್ಚಿ ಕೈಮುಗಿದಳು. ಗಂಡಿನ ಕಡೆಯವರ ಮಾತು ಶುರುವಾದ ವಾರವೇ ದೇವಿಯ ಗುರುತು ಕಲೆಯಾಯಿತು. ತೆಗೆಸಬೇಕಾದ ಕಲೆ.

ಭದ್ರಾವತಿಯ ಡಾಕ್ಟರೊಬ್ಬರು, ಕತ್ತರಿಸಿದರೆ ಇನ್ನೂ ದೊಡ್ಡದಾಗಿ ಬರುತ್ತದೆ, ಒಳಗೇ ಇಂಜೆಕ್ಷನ್ ಕೊಟ್ಟು ಕರಗಿಸೋಣ ಎಂದರು. ಇದು ೧೯೯೪. ತಿಂಗಳಿಗೊಂದು ಸಲ ಹೋಗಬೇಕು. ಕಲೆಯ ಮಾಂಸ ಕಲ್ಲಿನ ಹಾಗಿರುತ್ತದೆ. ಮದ್ದು ತಾನಾಗಿ ಇಳಿಯುವುದಿಲ್ಲ, ಹೆಬ್ಬೆರಳು ಒತ್ತಿ ನೂಕಬೇಕು. ಒಳಗೆ ಜಾಗವಿಲ್ಲದ ಕಡೆ ಜಾಗ ಮಾಡಿಕೊಂಡು ಅದು ನುಗ್ಗುತ್ತದೆ. ಇದನ್ನೆಲ್ಲ ಆಮೇಲೆ ಓದಿ ತಿಳಿದುಕೊಂಡೆ. ಆ ದಿನ ಡಾಕ್ಟರು ಹೇಳಿದ್ದು ಇಷ್ಟು: “ಇರುವೆ ಕಚ್ಚಿದ ಹಾಗಾಗುತ್ತಮ್ಮ. ನೋವು ಜಾಸ್ತಿ ಆದ್ರೆ ಹೇಳು. ಅಲ್ಲಿಗೆ ನಿಲ್ಲಿಸ್ತೀನಿ.”

ಅಮ್ಮ ಹೊರಗೆ ಬೆಂಚಿನ ಮೇಲೆ ಕೂತಳು. ಅವಳಿಗೆ ನೋಡಲಾಗುವುದಿಲ್ಲವಂತೆ. ಇರುವೆ ಕಚ್ಚುವುದನ್ನು ನೋಡಲಾಗದವರು ಯಾರಿದ್ದಾರೆ ಎಂದು ನನಗೆ ಆಗ ಹೊಳೆಯಲಿಲ್ಲ. ಅಕ್ಕನ ಕೈ ಹಿಡಿದುಕೊಳ್ಳಲು ಸೆಲ್ವಿಯಮ್ಮ ಒಳಗೆ ಬಂದರು. ಸೂಜಿ ಕೆನ್ನೆಗೆ ಇಳಿಯಿತು. ಅಕ್ಕ ತುಟಿ ಬಿಚ್ಚಲಿಲ್ಲ.

“ಅಯ್ಯಯ್ಯೋ ಡಾಕ್ಟ್ರೇ, ನಿಲ್ಸಿ! ಸತ್ತೆ ನಾನು!” ಎಂದು ಸೆಲ್ವಿಯಮ್ಮ ಕೂಗಿದರು.

ಡಾಕ್ಟರು ಗಾಬರಿಯಾಗಿ ಕೈ ಹಿಂದಕ್ಕೆ ತೆಗೆದರು. “ಇಂಜೆಕ್ಷನ್ ನಿಮಗಲ್ಲಮ್ಮ!”

“ಗೊತ್ತು ಸ್ವಾಮಿ! ನನ್ ಕೈ ನೋಡಿ!”

ಸೆಲ್ವಿಯಮ್ಮನ ಮುಂಗೈಯಲ್ಲಿ ಅಕ್ಕನ ಉಗುರುಗಳು ಇಳಿದ ಗುರುತುಗಳು ಅರ್ಧಚಂದ್ರದ ಹಾಗೆ ಕೆಂಪಾಗಿ ಎದ್ದಿದ್ದವು. ಎಲ್ಲರೂ ನಕ್ಕರು. ಅಕ್ಕನೂ ನಕ್ಕಳು, ಒಂದೇ ಕಡೆಯ ಬಾಯಿಂದ. ಡಾಕ್ಟರು ಮುಂದಿನ ತಿಂಗಳಿಂದ ಸೆಲ್ವಿಯಮ್ಮನನ್ನು ಹೊರಗೆ ಕೂರಿಸಿದರು. ಆ ಕೋಣೆಯಲ್ಲಿ ನಿಜ ಹೇಳುತ್ತಿದ್ದವರು ಅವರೊಬ್ಬರೇ.

ಆಮೇಲಿನದು ಪ್ರತಿ ಸಲವೂ ಒಂದೇ ಸಂಭಾಷಣೆ. “ನೋವಿದೆಯಾ?” “ಇಲ್ಲ ಡಾಕ್ಟ್ರೇ.” “ಹಾಗಾದ್ರೆ ಇನ್ನೊಂಚೂರು ಹಾಕ್ತೀನಿ.” ಹೊರಗೆ ಬಂದು ಅಮ್ಮನಿಗೆ, “ಇಂಥ ಪೇಷಂಟನ್ನ ನೋಡೇ ಇಲ್ಲ ನಾನು,” ಎನ್ನುತ್ತಿದ್ದರು. ಅಮ್ಮ ಅದನ್ನು ಮನೆಗೆ ತಂದು ಅಪ್ಪಾಜಿಗೆ ಒಪ್ಪಿಸುತ್ತಿದ್ದಳು.

ಹುಣಸೆ ಬೀಜ ಕರಗಿತು. ಕರಗಿ ನಿಲ್ಲಲಿಲ್ಲ. ಅದಿದ್ದ ಜಾಗ ಒಳಕ್ಕೆ ಕುಸಿಯುತ್ತಾ ಹೋಗಿ ಎಂಟಾಣೆ ಅಗಲದ ಕುಳಿಯಾಯಿತು. ಅದರ ಮೇಲಿನ ಚರ್ಮ ಈರುಳ್ಳಿ ಸಿಪ್ಪೆಯ ಹಾಗೆ ತೆಳುವಾಗಿ, ಬಿಳಿಚಿಕೊಂಡಿತು. ಡಾಕ್ಟರು ಬೆಳಕಿಗೆ ಹಿಡಿದು ನೋಡಿ ಹೇಳಿದರು: “ಮದ್ದು ಸ್ವಲ್ಪ ಹೆಚ್ಚಾಯ್ತು ಅನ್ಸುತ್ತೆ. ನೀನು ಒಂದು ಸಲನೂ ನೋವು ಅನ್ನಲಿಲ್ಲವಲ್ಲಮ್ಮ.”

ಆದರೂ ಮುಂದಿನ ವರ್ಷ ಒಂದು ಸಂಬಂಧ ಕೂಡಿಬಂತು. ಶಿವಮೊಗ್ಗದವರು, ಹುಡುಗನಿಗೆ ಬ್ಯಾಂಕಿನ ಕೆಲಸ. ಹುಡುಗ ಬಂದು ನೋಡಿ ಹೋಗಿದ್ದ, ಕೆನ್ನೆಯನ್ನೂ ನೋಡಿದ್ದ, ಒಪ್ಪಿದ್ದ. ಅಕ್ಕ ಒಪ್ಪಿದ್ದಳೋ ಎಂದು ಯಾರೂ ಕೇಳಿರಲಿಲ್ಲ. ಆದರೆ ಪಾತ್ರೆ ತೊಳೆಯುವಾಗ ನನಗೆ ಹೇಳಿದ್ದಳು: “ನಗೋವಾಗ ಅವರ ಕಿವಿ ಅಲ್ಲಾಡುತ್ತೆ ಕಣೇ. ನೋಡಿದ್ಯಾ?” ಹೇಳಿ ತಾನೇ ನಕ್ಕು, ತೊಳೆದ ಲೋಟವನ್ನೇ ಮತ್ತೆ ತೊಳೆದಳು.

ನಿಶ್ಚಿತಾರ್ಥದ ದಿನ ಗೊತ್ತುಮಾಡಲು ಅವರು ಎರಡನೇ ಸಲ ಬಂದರು. ಈ ಸಲ ಹುಡುಗನ ಸೋದರಮಾವ ಜೊತೆಗಿದ್ದರು. ಆರೋಗ್ಯ ಇಲಾಖೆಯಿಂದ ನಿವೃತ್ತರಾದವರು. ಮನೆಮನೆಗೆ ಹೋಗಿ ಜನರ ಮೈಮೇಲಿನ ಮಚ್ಚೆ ಪರೀಕ್ಷೆ ಮಾಡುವುದು ಅವರ ಸರ್ವೀಸಿನ ಕೆಲಸವಾಗಿತ್ತು. ‘ಸ್ಪರ್ಶಜ್ಞಾನವಿಲ್ಲದ ತಿಳಿ ಬಣ್ಣದ ಮಚ್ಚೆ ಕುಷ್ಠರೋಗದ ಲಕ್ಷಣವಿರಬಹುದು’ ಎಂಬ ಗೋಡೆಬರಹವನ್ನು ಆ ಕಾಲದವರೆಲ್ಲ ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತಾ ಓದಿದ್ದೇವೆ. ಅದರ ಕೆಳಗೇ ಅದು ಮಾತ್ರೆಯಿಂದ ಪೂರ್ತಿ ವಾಸಿಯಾಗುತ್ತದೆ ಎಂದೂ ಬರೆದಿರುತ್ತಿತ್ತು. ಎರಡನೇ ಸಾಲು ಓದುವಷ್ಟರಲ್ಲಿ ಎಲ್ಲರ ಬಸ್ಸೂ ಬಂದುಬಿಡುತ್ತಿತ್ತು.

“ಇದೇನು ತಾಯಿ ಕೆನ್ನೆ ಮೇಲೆ, ಬಿಳಿ?” ಎಂದು ಮಾವ ಕೇಳಿದರು.

“ಇಂಜೆಕ್ಷನ್ ಕೊಡಿಸಿದ್ವಿ, ಅದರ ಕಲೆ,” ಎಂದಳು ಅಮ್ಮ.

“ಯಾವ ಇಂಜೆಕ್ಷನ್?”

ಅಮ್ಮನಿಗೆ ಹೆಸರು ಗೊತ್ತಿರಲಿಲ್ಲ. ಅವಳು ತಡವರಿಸಿದಳು. ಮಾವ ನಕ್ಕರು. “ಗಾಬರಿ ಏನಿಲ್ಲ ತಂಗಿ. ಸರ್ವೀಸ್ ಪೂರ್ತಿ ನಂದು ಇದೇ ಕೆಲಸ. ಒಂದು ಪಿನ್ನಿದ್ರೆ ಕೊಡಿ, ಈಗ್ಲೇ ನೋಡಿ ಮುಗಿಸಿಬಿಡಣ.” ಅಮ್ಮ ಭುಜದ ಮೇಲಿನ ಸೀರೆಯ ಪಿನ್ನನ್ನೇ ಬಿಚ್ಚಿ ಕೊಟ್ಟಳು. ಸೆರಗು ಜಾರದಂತೆ ಕೈಯಲ್ಲಿ ಹಿಡಿದುಕೊಂಡಳು.

“ಕಣ್ಣು ಮುಚ್ಕೊಳಮ್ಮ. ಏನಿಲ್ಲ, ಇರುವೆ ಕಚ್ಚಿದ ಹಾಗಾಗುತ್ತೆ.”

ಅಕ್ಕ ಕಣ್ಣು ಮುಚ್ಚಿದಳು. ನಾನು ಕಾಫಿಯ ತಟ್ಟೆ ಹಿಡಿದು ನಿಂತಿದ್ದೆ. ಕೇಸರಿಬಾತಿಗೆ ಕೈ ಜೋಡಿಸಲು ಬಂದಿದ್ದ ಸೆಲ್ವಿಯಮ್ಮ ಅಡಿಗೆಮನೆ ಬಾಗಿಲಲ್ಲಿದ್ದರು.

ಮಾವ ಚುಚ್ಚಿದರು. “ನೋವಾಯ್ತಾ?”

“ಇಲ್ಲ ಮಾವ.”

ಇನ್ನೊಂದು ಸಲ, ಸ್ವಲ್ಪ ಆಚೆ. “ಈಗ ನೋವಾಯ್ತಾ?”

“ಇಲ್ಲ.”

ಮೂರನೆಯ ಸಲ ಒಂದು ಹನಿ ರಕ್ತ ಎದ್ದು ನಿಂತಿತು. “ಈಗ?”

“ಇಲ್ಲ ಮಾವ. ಏನೂ ಆಗಲಿಲ್ಲ.”

ನಾನು ಪದಗಳಿಂದ ಬದುಕುವವಳಾದ್ದರಿಂದ ಇಲ್ಲಿ ಒಂದು ಪದವನ್ನು ದಾಖಲಿಸಬೇಕು. ಮಾವ ಕೇಳಬೇಕಾಗಿದ್ದದ್ದು ‘ಗೊತ್ತಾಯ್ತಾ’ ಎಂದು. ಅವರು ಕೇಳಿದ್ದು ‘ನೋವಾಯ್ತಾ’ ಎಂದು. ಗೊತ್ತಾಯ್ತಾ ಎಂದಿದ್ದರೆ ಅಕ್ಕ ಹೂಂ ಎನ್ನುತ್ತಿದ್ದಳು. ನೋವಾಯ್ತಾ ಎಂಬ ಪ್ರಶ್ನೆಗೆ ನಮ್ಮ ಮನೆಯಲ್ಲಿ ಇದ್ದದ್ದು ಒಂದೇ ಉತ್ತರ.

ಗಂಡಿನ ಕಡೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ನೋಟವನ್ನು ಅಪ್ಪಾಜಿ ಮೆಚ್ಚುಗೆ ಎಂದು ತಿಳಿದರು. “ಚಿಕ್ಕೋಳಿದ್ದಾಗಿಂದ್ಲೂ ಹಾಗೇ ಸ್ವಾಮಿ ನಮ್ಮ ಮಂಗಳ,” ಎಂದು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. “ಅವಳಿಗೆ ನೋವು ಅನ್ನೋದೇ ಗೊತ್ತಾಗಲ್ಲ.” ಆಮೇಲೆ ಕಿವಿ ಚುಚ್ಚಿದ ಕಥೆಯನ್ನು ಶುರುಮಾಡಿ, ಇರುವೆ ಹೋಯ್ತಾ ಎಂಬಲ್ಲಿಯವರೆಗೆ ಪೂರ್ತಿ ಹೇಳಿದರು. ಮಾವ ಪಿನ್ನನ್ನು ಅಮ್ಮನ ಕೈಗೆ ಕೊಡಲಿಲ್ಲ. ಕಿಟಕಿಯ ಕಟ್ಟೆಯ ಮೇಲಿಟ್ಟು, ಕರವಸ್ತ್ರ ತೆಗೆದು ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡರು. ಕೇಸರಿಬಾತನ್ನು ಯಾರೂ ಮುಟ್ಟಲಿಲ್ಲ. ಶುಗರ್ ಇದೆ ಎಂದರು ಮಾವ. ಹುಡುಗ ನಗಲಿಲ್ಲ. ಅವನಿಗೆ ಶುಗರ್ ಇರಲಿಲ್ಲ.

ಹುಡುಗನ ಅಜ್ಜಿಗೆ ಇಷ್ಟವಿಲ್ಲ ಎಂದು ಹೇಳಿಕಳಿಸಿದರು. ನಿಜವಾದ ಕಾರಣ ಬೇರೆ ದಾರಿಯಿಂದ, ಅಜ್ಜಿಯ ಕಾರಣಕ್ಕಿಂತ ಮೊದಲೇ ಬಂದು ತಲುಪಿತ್ತು. ನಲ್ಲಿಯ ಹತ್ತಿರ ಅಮ್ಮ ಹೋದರೆ ಕೊಡಗಳು ಪಕ್ಕಕ್ಕೆ ಸರಿಯುತ್ತಿದ್ದವು. ‘ದೊಡ್ಡ ರೋಗ’ ಎಂಬ ಮಾತನ್ನು ಜನ ಸಣ್ಣ ದನಿಯಲ್ಲಿ ಆಡುತ್ತಾರೆ, ಆದ್ದರಿಂದ ಅದು ಚೆನ್ನಾಗಿ ಕೇಳಿಸುತ್ತದೆ.

ಶಿವಮೊಗ್ಗದ ದೊಡ್ಡ ಡಾಕ್ಟರಿಗೆ ತೋರಿಸಿದೆವು. ಅವರು ಹತ್ತಿಯ ಎಳೆಯಿಂದ ಮುಟ್ಟಿ, “ಮುಟ್ಟಿದ್ದು ಗೊತ್ತಾಗುತ್ತಾ?” ಎಂದರು.

“ಗೊತ್ತಾಗುತ್ತೆ.”

ಸೂಜಿಯ ಮೊನೆ ತಾಗಿಸಿದರು. “ಇದು?”

“ಗೊತ್ತಾಗುತ್ತೆ. ನೋವೇನಿಲ್ಲ.”

ಡಾಕ್ಟರು ನಕ್ಕುಬಿಟ್ಟರು. ಯಾವ ರೋಗವೂ ಇಲ್ಲ, ಇಂಜೆಕ್ಷನ್ನಿನ ಕಲೆ ಅಷ್ಟೇ ಎಂದರು. ಅಪ್ಪಾಜಿ ಇದನ್ನು ತಿಳಿಸಲು ತಾವೇ ಹುಡುಗನ ಮನೆಗೆ ಹೋದರು. ಅವರು ಮರ್ಯಾದೆಯಿಂದಲೇ ಕೂರಿಸಿ ಕಾಫಿ ಕೊಟ್ಟರಂತೆ. ಮನೆಯವರೆಲ್ಲ ಸ್ಟೀಲಿನ ಲೋಟದಲ್ಲಿ ಕುಡಿದರು. ಅಪ್ಪಾಜಿಗೆ ಕೊಟ್ಟದ್ದು ಕುಡಿದು ಎಸೆಯುವ ಪ್ಲಾಸ್ಟಿಕ್ ಲೋಟ. ಇದನ್ನು ಅವರು ಹೇಳಲಿಲ್ಲ, ಜೊತೆಗೆ ಹೋಗಿದ್ದ ಸೆಲ್ವಿಯಮ್ಮನ ಗಂಡ ಹೇಳಿದರು. “ಬೇಜಾರಾಯ್ತಾ?” ಎಂದು ಅಮ್ಮ ಕೇಳಿದಳು. “ಇಲ್ಲ,” ಎಂದರು ಅಪ್ಪಾಜಿ.

ಪತ್ರಿಕೆಯಲ್ಲಿ ತಪ್ಪು ಸುದ್ದಿ ಮೊದಲ ಪುಟದಲ್ಲಿ ಬಂದರೂ ‘ಸ್ಪಷ್ಟೀಕರಣ’ ಒಳಪುಟದ ಕೆಳಮೂಲೆಯಲ್ಲಿ, ಟೆಂಡರ್ ಪ್ರಕಟಣೆಯ ಪಕ್ಕದಲ್ಲಿ ಬರುತ್ತದೆ. ಅದನ್ನು ಹಾಕಿಸಿಕೊಂಡವರು ಮಾತ್ರ ಓದುತ್ತಾರೆ. ಅಕ್ಕನ ವಿಷಯದಲ್ಲೂ ಅಷ್ಟೇ ಆಯಿತು. ಇನ್ನೆರಡು ಕಡೆಯವರು ಬಂದರು. ಅವರು ಬರುವ ಮೊದಲೇ ಸುದ್ದಿ ಅವರ ಮನೆಗೆ ಹೋಗಿಯಾಗಿತ್ತು. ಆಮೇಲೆ ಯಾರೂ ಬರಲಿಲ್ಲ. ಅಕ್ಕ ಶಿವಮೊಗ್ಗದಲ್ಲಿ ಪ್ರೈಮರಿ ಶಾಲೆಯ ಟೀಚರಾದಳು.

ಸೆಲ್ವಿಯಮ್ಮ ಬಹಳ ದಿನದ ಮೇಲೆ ನನ್ನ ಹತ್ತಿರ ಹೇಳಿದರು: “ಅವತ್ತು ನಾನ್ ಕೂಗ್ಬೇಕಿತ್ತು ಕಣ್ಣು. ಬಾಯಿ ತನಕ ಬಂದಿತ್ತು. ಗಂಡಿನ ಕಡೆಯೋರು ಏನಂದ್ಕೋತಾರೋ ಅಂತ ಮುಚ್ಕೊಂಡೆ. ಜೀವಮಾನದಲ್ಲಿ ಒಂದೇ ಸಲ ಬಾಯಿ ಮುಚ್ಚಿದ್ದು ನಾನು. ನೋಡು ಏನಾಯ್ತು.”

ಅಕ್ಕನನ್ನು ನಾನು ಒಂದೇ ಸಲ ಕೇಳಿದ್ದೇನೆ, ಯಾಕೆ ಇಲ್ಲ ಅಂದೆ ಎಂದು. ಅವಳು ಮಕ್ಕಳ ಕಾಪಿ ಪುಸ್ತಕ ತಿದ್ದುತ್ತಿದ್ದಳು. ತಲೆ ಎತ್ತಲಿಲ್ಲ. “ಮನೆಗೆ ಬಂದ ಹಿರಿಯರು. ನೀವು ನೋವು ಮಾಡಿದ್ರಿ ಅಂತ ಮುಖದ ಮೇಲೆ ಹೇಗೆ ಹೇಳೋದೇ?” ಅಂದಳು.

ಅಮ್ಮ ತೀರಿಕೊಂಡ ಮೇಲೆ ಅಪ್ಪಾಜಿಯೂ ಅಕ್ಕನೂ ಶಿವಮೊಗ್ಗದ ರವೀಂದ್ರನಗರದ ನನ್ನ ಮನೆಗೆ ಬಂದರು. ೨೦೦೭ರ ಆರಂಭದಲ್ಲಿ ನಮ್ಮ ಪತ್ರಿಕೆಯ ಭಾನುವಾರದ ಪುರವಣಿಗೆ ಒಂದು ಲೇಖನ ಬಂತು. ಮುಖದ ಸುಕ್ಕು, ಕುಳಿಗಳನ್ನು ಸೂಜಿಯಿಂದಲೇ ತುಂಬಿಸುವ ಹೊಸ ಚಿಕಿತ್ಸೆ ಈಗ ಶಿವಮೊಗ್ಗದಲ್ಲೂ ಸಿಗುತ್ತದೆ ಎಂಬ ಲೇಖನ. ‘ಇರುವೆ ಕಚ್ಚಿದಷ್ಟೇ ನೋವು’ ಎಂದು ಅದರಲ್ಲಿತ್ತು. ನಾನು ಆ ಸಾಲನ್ನು ಹೊಡೆದುಹಾಕಿದೆ. ಪುಟ ಕಟ್ಟುವವರಿಗೆ ಅದು ಇಷ್ಟವಾಗಿ, ಅದನ್ನೇ ಶೀರ್ಷಿಕೆ ಮಾಡಿದರು. ಅಕ್ಕ ಭಾನುವಾರ ಬೆಳಿಗ್ಗೆ ಓದಿ, ಪೇಪರ್ ಮಡಚಿ, “ಹೋಗೋಣ್ವಾ?” ಎಂದಳು.

“ಈಗ ಯಾಕೆ ಅಕ್ಕ?”

“ಮುಖ ತೊಳ್ಯೋವಾಗ ದಿನಾ ಬೆರಳು ಅದ್ರೊಳಗೆ ಹೋಗುತ್ತೆ ಕಣೇ. ಸಾಕಾಗಿದೆ.”

ಕ್ಲಿನಿಕ್ಕಿನ ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಕಾಯುವ ಕೋಣೆಯಲ್ಲಿ ನನ್ನ ಹುಬ್ಬುಗಳ ನಡುವಿನ ಗೆರೆಗಳನ್ನು ನೋಡಿ, “ಮೇಡಂ, ಅದನ್ನೂ ತೆಗೀಬಹುದು,” ಎಂದರು. ಬೇರೆಯವರ ಕಾಗುಣಿತ ನೋಡಿ ನೋಡಿ ಬಂದ ಗೆರೆಗಳು, ಸಂಪಾದನೆ, ಇರಲಿ ಎಂದೆ. ನಿಜ ಹೇಳಬೇಕೆಂದರೆ ಅಲ್ಲಿ ಮಂಚ ಎತ್ತರವಾಗಿತ್ತು, ಕೆಳಗೆ ನುಗ್ಗಲು ಜಾಗವಿತ್ತು, ನಾನು ಅದನ್ನು ಮೊದಲೇ ಗಮನಿಸಿದ್ದೆ.

ಅಕ್ಕ ಸೊನ್ನೆ ಎಂದ ಕೂಡಲೇ ಡಾಕ್ಟರು ಸೂಜಿಯನ್ನು ಹೊರಗೆ ತೆಗೆದರು.

“ಕಣ್ಣಲ್ಲಿ ನೀರು ಬರ್ತಿದೆಯಲ್ಲ ಅಕ್ಕಾ?” ಎಂದು ಅವರು ಕೇಳಿದರು.

“ಲೈಟು ಕಣ್ಣಿಗೆ ಹೊಡೀತಿದೆ.”

ಡಾಕ್ಟರು ಕೈಗವಸು ಬಿಚ್ಚಿ ಕುರ್ಚಿ ಎಳೆದುಕೊಂಡು ಕೂತರು. “ನೋಡಿ ಅಕ್ಕ, ಕೆನ್ನೇಲಿ ರಕ್ತನಾಳ ಇರುತ್ತೆ. ಮದ್ದು ಅಕಸ್ಮಾತ್ ಅದ್ರೊಳಗೆ ಹೋದ್ರೆ ಚರ್ಮ ಸತ್ತೋಗಬಹುದು. ಅದು ಮೊದಲು ಗೊತ್ತಾಗೋದು ನಿಮಗೆ, ನನಗಲ್ಲ. ಜೋರು ನೋವಾಗುತ್ತೆ. ನೀವು ಹೇಳಿದ್ರೆ ನಾನು ಅಲ್ಲಿಗೆ ನಿಲ್ಲಿಸ್ತೀನಿ. ಸೊನ್ನೆ ಅನ್ನೋರಿಗೆ ನಾನು ಮಾಡಲ್ಲ. ಮನೇಲಿ ಪ್ರಾಕ್ಟೀಸ್ ಮಾಡ್ಕೊಂಡು ಮುಂದಿನ ತಿಂಗಳು ಬನ್ನಿ.”

ಅಕ್ಕ ಎದ್ದು ಚಪ್ಪಲಿ ಹಾಕಿಕೊಳ್ಳುವಾಗ ನರ್ಸ್ ಆ ಮುಖಗಳ ಕಾರ್ಡನ್ನು ಅವಳ ಕೈಗೆ ಕೊಟ್ಟಳು. ಶಾಲೆಯ ಮಗುವಿಗೆ ಕೊಡುವ ಹಾಗೆ.

ಪ್ರಾಕ್ಟೀಸ್ ನಡೆಯಿತು. ನಾನು ಅವಳ ತೋಳು ಚಿವುಟಿದೆ. “ಎಷ್ಟು?”

“ಸೊನ್ನೆ.”

“ಅಕ್ಕಾ!”

“ಸರಿ, ಒಂದು ಹಾಕ್ಕೋ.”

ಭದ್ರಾವತಿಯಿಂದ ಬಂದಿದ್ದ ಸೆಲ್ವಿಯಮ್ಮನಿಗೆ ವಿಷಯ ತಿಳಿದು, ಅವರು ತರಬೇತಿಯ ಹೊಣೆಯನ್ನು ತಾವೇ ವಹಿಸಿಕೊಂಡರು. ಮಂಡಿ ನೋವಿನ ಕಾಲು ಚಾಚಿ ಕೂತು, “ಗಂಟಲಿಂದ ಅಲ್ಲ, ಹೊಟ್ಟೆಯಿಂದ ಬರ್ಬೇಕು ಕಣ್ಣು. ಹೇಳು, ಅಯ್ಯಯ್ಯೋ!”

“ಅಯ್ಯೋ,” ಎಂದಳು ಅಕ್ಕ, ಹಾಜರಿ ಕೂಗುವ ದನಿಯಲ್ಲಿ.

“ಥೂ. ಸಕ್ರೆಬೈಲು ಆನೆಗೇ ಅಂಕುಶ ತಾಗಿದ್ರೆ ಕಾಡೆಲ್ಲ ಕೇಳೋ ಹಾಗೆ ಕೂಗುತ್ತೆ. ನೀನೇನು ಅದಕ್ಕಿಂತ ದೊಡ್ಡವಳಾ? ಇನ್ನೊಂದ್ಸಲ!”

ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಆಮೇಲೆ ಒಳಕೋಣೆಯ ಕಡೆ ನೋಡಿ, ದನಿ ತಗ್ಗಿಸಿ, “ಬೇಡ ಸೆಲ್ವಿಯಮ್ಮ. ಅಪ್ಪಾಜಿಗೆ ಕೇಳಿಸುತ್ತೆ,” ಎಂದಳು. ಅವಳಿಗೆ ಆಗ ಮೂವತ್ತಾರು ವರ್ಷ.

ಏಪ್ರಿಲ್‌ನಲ್ಲಿ ಎರಡನೇ ಸಲ ಹೋದೆವು. ಅಪ್ಪಾಜಿ ತಮ್ಮ ಬಿ.ಪಿ. ಮಾತ್ರೆ ತೆಗೆದುಕೊಳ್ಳುವುದಿದೆ ಎಂದು ಜೊತೆಗೆ ಹೊರಟರು. ಮಾತ್ರೆಯ ಅಂಗಡಿ ದಾರಿಯಲ್ಲಿ ಸಿಕ್ಕಿತು, ಅವರು ಇಳಿಯಲಿಲ್ಲ. ಕ್ಲಿನಿಕ್ಕಿನ ಹೊರಗಿನ ಬೆಂಚಿನಲ್ಲಿ, ಊರುಗೋಲನ್ನು ಮಂಡಿಗಳ ನಡುವೆ ನಿಲ್ಲಿಸಿಕೊಂಡು ಕೂತರು. ಈ ಸಲ ಅಕ್ಕ ನನ್ನನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. “ನೀನಿದ್ರೆ ಆಗಲ್ಲ, ಅಲ್ಲೇ ಇರು,” ಎಂದು ಬಾಗಿಲು ಮುಂದೆ ಮಾಡಿಕೊಂಡಳು. ನಾನು ಅಪ್ಪಾಜಿಯ ಪಕ್ಕ ಕೂತೆ. ಎದುರಿನ ಗೋಡೆಯಲ್ಲಿ ಕಲೆಯಿಲ್ಲದ ಕೆನ್ನೆಯ ಹೆಂಗಸಿನ ಚಿತ್ರವಿತ್ತು.

ಒಳಗೆ ಟ್ರೇ ಇಟ್ಟ ಸದ್ದು. ನರ್ಸ್ ಏನೋ ಕೇಳಿದ್ದು, ಅಕ್ಕ ಏನೋ ಹೇಳಿದ್ದು. ಆಮೇಲೆ ಒಂದು ಕೂಗು ಬಂತು. ಸೆಲ್ವಿಯಮ್ಮ ಹೇಳಿಕೊಟ್ಟ ಹಾಗಿರಲಿಲ್ಲ. ಅದರಲ್ಲಿ ಅಯ್ಯೋ ಎಂಬ ಅಕ್ಷರಗಳೇ ಇರಲಿಲ್ಲ.

ಅಪ್ಪಾಜಿ ಊರುಗೋಲು ಹಿಡಿದು ಅರ್ಧ ಎದ್ದರು.

“ಯಾರದು ಕೂಗಿದ್ದು?”

“ಅಕ್ಕ, ಅಪ್ಪಾಜಿ.”

ಅವರು ಬಾಗಿಲನ್ನು ನೋಡಿದರು. ಮತ್ತೆ ಕೂತರು.

“ಅಲ್ಲ ಬಿಡು,” ಎಂದರು. “ಬೇರೆ ಯಾರೋ. ನಮ್ಮ ಮಂಗಳ ಕೂಗೋಳಲ್ಲ.”

ಒಳಗಿನಿಂದ ಇನ್ನೊಂದು ಸಲ ಕೇಳಿಸಿತು.

ಡಾಕ್ಟರು ಆ ದಿನ ಅಲ್ಲಿಗೇ ನಿಲ್ಲಿಸಿದರು. ಕುಳಿ ಅರ್ಧ ತುಂಬಿದೆ.